ಕೈ ಬದಲಾದ ಪುಟ

ಕೋಲಾರ
8-6-1987

ಪ್ರೀತಿಯ ರತ್ನ,

ಕ್ಷೇಮ ಸಮಾಚಾರ ಕೊನೆಗಿರಲಿ. ಮೊದಲು ಒಂದು ಮಾತು ಕೇಳಬೇಕು. ಕಂಪ್ಯೂಟರು ತಪ್ಪು ಮಾಡುತ್ತದೆಯೇ? ಕೋಲಾರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವಳು ನೀನು, ನನ್ನನ್ನು ಸಮಾಧಾನಪಡಿಸಲು ಸುಳ್ಳು ಬರೆಯಬೇಡ.

ನಮ್ಮ ಆಸ್ಪತ್ರೆಗೆ ನಿಮ್ಮ ಕಂಪನಿಯ ಕಂಪ್ಯೂಟರು ಬಂದ ಸುದ್ದಿಯನ್ನು ದೀಪಾವಳಿಯ ಕಾಗದದಲ್ಲಿ ಬರೆದಿದ್ದೆ. ಆಗ ಎಷ್ಟು ಸಂಭ್ರಮಪಟ್ಟಿದ್ದೆವು! ನಮ್ಮ ಲ್ಯಾಬಿನಲ್ಲಿ ಎರಡು, ಔಷಧಿ ಕೊಡುವಲ್ಲಿ, ಚೀಟಿ ಬರೆಯುವಲ್ಲಿ ಒಂದೊಂದು, ಹೀಗೆ ಎಲ್ಲ ಕಡೆ ಪರದೆ ಇರುವ ಟರ್ಮಿನಲ್ ಇಟ್ಟರು. ಎರಡೆರಡು ಕಡೆ ಬರೆಯುವುದು ದಂಡವೆಂದು ಲ್ಯಾಬಿನಲ್ಲಿ ಕೈಯಲ್ಲಿ ಬರೆದಿಡುವುದನ್ನು ನಿಲ್ಲಿಸಿದರು. ಪರೀಕ್ಷೆ ಮಾಡುವುದು, ನೇರ ಟೈಪು ಮಾಡುವುದು, ಅಷ್ಟೇ.

ಹೋದ ವಾರ ಮುಳಬಾಗಿಲು ಕಡೆಯ ಆಂಜಿನಮ್ಮ ಎನ್ನುವ ಹೆಂಗಸು ಹೆರಿಗೆಗೆ ಬಂದಳು. ಅವತ್ತು ಗರ್ಭಿಣಿಯರ ತಪಾಸಣೆ ಶಿಬಿರವೂ ಇತ್ತು, ಕಾಲಿಡಲು ಜಾಗವಿರಲಿಲ್ಲ. ಬೆಳಗ್ಗೆ ನಾನೇ ಅವಳ ರಕ್ತ ತೆಗೆದು ಗಾಜಿನ ಮೇಲೆ ಪರೀಕ್ಷೆ ಮಾಡಿದೆ. ಓ ಗುಂಪು. ಟೈಪು ಮಾಡಿ ಮುಂದಿನವರನ್ನು ಕರೆದೆ. ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು ಮಗು, ಚೆನ್ನಾಗಿದೆ. ತಾಯಿಗೆ ರಕ್ತ ಹೋಗುವುದು ಮಾತ್ರ ನಿಲ್ಲಲಿಲ್ಲ. ಪ್ರಾಣ ಹೋಗುವಂತಿತ್ತು. ಬಾಟಲಿಯ ರಕ್ತಕ್ಕೂ ಅವಳ ರಕ್ತಕ್ಕೂ ಹೊಂದಿಸಿ ನೋಡುವಷ್ಟು ವ್ಯವಧಾನವಿಲ್ಲದೆ, ಡಾಕ್ಟರು ಕಂಪ್ಯೂಟರಿನ ವರದಿ ನೋಡಿ ರಕ್ತ ಏರಿಸಿದರು. ವರದಿಯಲ್ಲಿ ಬಿ ಎಂದಿತ್ತು.

ಅರ್ಧ ಬಾಟಲಿ ಹೋಗುವಷ್ಟರಲ್ಲಿ ಅವಳಿಗೆ ಚಳಿ ಹತ್ತಿಕೊಂಡಿತು. ಸೊಂಟ ಒಡೆದುಹೋಗುತ್ತಿದೆ ಎಂದು ಕೂಗಿದಳು. ರಕ್ತ ನಿಲ್ಲಿಸಿದರು. ಆದರೆ ಮಾರನೆಯ ದಿನ ಮೂತ್ರವೇ ಕಟ್ಟಿಹೋಯಿತು. ಜೀಪಿನಲ್ಲಿ ಬೆಂಗಳೂರಿಗೆ ಸಾಗಿಸಿದ್ದಾರೆ. ಉಳಿಯುತ್ತಾಳೋ ಇಲ್ಲವೋ ಯಾರೂ ಹೇಳುತ್ತಿಲ್ಲ.

ಸೂಪರಿಂಟೆಂಡೆಂಟರು ಡಾಕ್ಟರ್ ವೆಂಕಟರಾಯಪ್ಪನವರು. ನನ್ನನ್ನು ಕರೆಸಿ, ಉಳಿದಿದ್ದ ಅವಳ ಬೆಳಗಿನ ರಕ್ತವನ್ನೇ ಎದುರಿಗೆ ಮತ್ತೆ ಪರೀಕ್ಷೆ ಮಾಡಿಸಿದರು. ಓ ಎಂದೇ ಬಂತು. ಕಂಪ್ಯೂಟರಿನಲ್ಲಿ ಇನ್ನೊಮ್ಮೆ ತೆಗೆಸಿದರು. ಬಿ ಎಂದೇ ಬಂತು. ನಾನು ಓ ಅಂತಲೇ ಹೊಡೆದಿದ್ದೆ ಸಾರ್ ಎಂದೆ.

"ಮಿಷನ್‌ಗೇನಮ್ಮಾ ನಿನ್ನ ಮೇಲೆ ದ್ವೇಷ? ನೀನೇನು ಕೊಟ್ಯೋ ಅದನ್ನೇ ಅದು ಕೊಡ್ತದೆ" ಅಂದರು.

ನಿಮ್ಮ ಕಂಪನಿಯಿಂದ ಕದಿರೇಶ ಎನ್ನುವ ರಿಪೇರಿಯವನು ಬಂದು ಒಂದು ದಿನವೆಲ್ಲ ನೋಡಿ, ಯಂತ್ರ ಸರಿಯಾಗಿದೆ ಎಂದು ಬರೆದುಕೊಟ್ಟು ಹೋದ. ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ.

ರತ್ನ, ಓ ಅಕ್ಷರ ಮೇಲಿನ ಸಾಲಿನಲ್ಲಿದೆ, ಬಿ ಕೆಳಗಿನ ಸಾಲಿನಲ್ಲಿ. ಬೆರಳು ಜಾರಿದರೂ ಅಷ್ಟು ದೂರ ಜಾರುತ್ತದೆಯೇ? ಮೊದಲ ಎರಡು ದಿನ ಗಟ್ಟಿಯಾಗಿದ್ದೆ. ಈಗ ಕಣ್ಣು ಮುಚ್ಚಿದರೆ ನನ್ನ ಬೆರಳು ಬಿ ಒತ್ತುತ್ತಿರುವ ಹಾಗೆಯೇ ಕಾಣುತ್ತದೆ.

ನೀನು ಆ ಯಂತ್ರದ ಒಳಗಿನ ಕೆಲಸ ಮಾಡುವವಳು. ನಿನ್ನ ಉತ್ತರಕ್ಕೆ ಕಾಯುತ್ತೇನೆ. ಶ್ರೀನಿವಾಸಪುರದ ವಿಳಾಸಕ್ಕೆ ಬರೆ, ನಾಳೆ ಊರಿಗೆ ಹೋಗುತ್ತೇನೆ.

ದಿಕ್ಕು ತೋಚದ
ಭಾರತಿ


ಮಾಲೂರು
12-6-1987

ನನ್ನ ಭಾರತಿ,

ಮಾಡುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ಅದು. ಕಂಪ್ಯೂಟರು ತಪ್ಪು ಮಾಡುತ್ತದೆ, ಏಕೆಂದರೆ ಅದಕ್ಕೆ ಕೆಲಸ ಹೇಳಿಕೊಟ್ಟವರು ನಮ್ಮಂಥವರು. ಆದರೆ ಅವತ್ತು ಮಾಡಿತೇ ಎನ್ನುವುದು ನನಗಿನ್ನೂ ಗೊತ್ತಿಲ್ಲ. ಸುಳ್ಳು ಬರೆಯಬೇಡ ಎಂದಿದ್ದೀಯಲ್ಲ, ಅದಕ್ಕೇ ಗೊತ್ತಿಲ್ಲ ಎನ್ನುತ್ತಿದ್ದೇನೆ.

ಬೆಂಗಳೂರಿನ ಆಫೀಸಿಗೆ ಹೋಗುವ ಬೆಳಗಿನ ರೈಲಿನಲ್ಲಿ ನಿನ್ನ ಕಾಗದ ಮತ್ತೆ ಮತ್ತೆ ಓದಿದೆ. ಎದುರು ಕೂತಿದ್ದ ಹೆಂಗಸು, ಊರಲ್ಲಿ ಯಾರಿಗಾದರೂ ಹುಷಾರಿಲ್ವಾ ಎಂದು ಕೇಳಿದಳು. ಹೂಂ ಎಂದೆ.

ನಾನು ಮಾಡುವ ಕೆಲಸ ಏನೆಂದು ನಿನಗೆ ಎಂದೂ ಸರಿಯಾಗಿ ಹೇಳಿಲ್ಲ. ಕಂಪ್ಯೂಟರಿನಲ್ಲಿ ಎಲ್ಲರ ಕೆಲಸವನ್ನೂ ಹಂಚಿ ನಡೆಸುವ ಒಂದು ಮುಖ್ಯ ಭಾಗವಿದೆ, ಅದಕ್ಕೆ ಕರ್ನೆಲ್ ಎನ್ನುತ್ತೇವೆ. ನೀನು ಟೈಪು ಮಾಡಿದ್ದು ಮೊದಲು ಮೆಮರಿಯಲ್ಲಿ ಕೂರುತ್ತದೆ, ಆಮೇಲೆ ಡಿಸ್ಕಿಗೆ ಹೋಗಿ ಶಾಶ್ವತವಾಗುತ್ತದೆ. ಈ ಮೆಮರಿಯನ್ನು ಸಮ ಸಮ ತುಂಡು ಮಾಡಿರುತ್ತೇವೆ. ಒಂದೊಂದು ತುಂಡಿಗೂ ಪುಟ ಎಂದು ಹೆಸರು. ಪುಟಗಳು ಕಡಿಮೆ, ಕೇಳುವವರು ಹೆಚ್ಚು. ಹಾಗಾಗಿ ಒಬ್ಬರ ಕೆಲಸ ಮುಗಿದ ಪುಟವನ್ನು ವಾಪಸು ಪಡೆದು, ಒರೆಸಿ, ಮತ್ತೊಬ್ಬರಿಗೆ ಕೊಡಬೇಕು. ಯಾರ ಪುಟ ಮುಟ್ಟದೆ ಬಿದ್ದಿದೆ ಎಂದು ಕರ್ನೆಲ್ಲಿನ ಒಂದು ಭಾಗ ಸುತ್ತು ಹೊಡೆಯುತ್ತಿರುತ್ತದೆ. ಪುಟಗಳು ಧಾರಾಳವಾಗಿದ್ದರೆ ಅದಕ್ಕೆ ಕೆಲಸವೇ ಇಲ್ಲ. ಕೊರತೆ ಬಂದಾಗ ಮಾತ್ರ ಅದರ ಓಡಾಟ ಶುರು. ಅಂಥ ಹೊತ್ತಿನಲ್ಲಿ ಅದು, ಇನ್ನೂ ಕೆಲಸ ಮುಗಿಯದ ಪುಟವನ್ನು ಮುಗಿಯಿತೆಂದು ತಿಳಿದು ಕಿತ್ತುಕೊಂಡರೆ? ಬರೀ ಅನುಮಾನ, ಭಾರತಿ. ಇದನ್ನು ಯಾರ ಮುಂದೆಯೂ ಹೇಳಬೇಡ.

ಈ ಭಾಗವನ್ನು ನಮ್ಮ ಯಂತ್ರಕ್ಕೆ ಹೊಂದಿಸಿ ಬರೆದವರು ನಮ್ಮ ಮುಖ್ಯಸ್ಥರು, ನರಸಿಂಹಪ್ಪನವರು. ಅವರ ವಿಷಯ ನಿನಗೆ ಹೇಳಿದ್ದೇನೆ. ಮಾಲೂರಿನಿಂದ ದಿನಾ ರೈಲಿನಲ್ಲಿ ಬರುವ ಹುಡುಗಿ, ಮದುವೆಯಾದರೆ ಬಿಟ್ಟುಹೋಗುತ್ತಾಳೆ ಎಂದು ಉಳಿದವರೆಲ್ಲ ಬೇಡವೆಂದಾಗ, ಇವಳು ಲೆಕ್ಕ ಬಿಡಿಸಿದ್ದು ನೋಡಿದಿರಾ ಎಂದು ಕೇಳಿ ನನ್ನನ್ನು ತೆಗೆದುಕೊಂಡವರು. ಕರ್ನೆಲ್ಲಿನ ಅ ಆ ಇ ಈ ಕಲಿಸಿದವರೂ ಅವರೇ.

ಕೆಲವನ್ನು ನೆನಪಿಸಿಕೊಂಡು ಬರೆ. ಆಂಜಿನಮ್ಮನ ವಿವರ ಟೈಪು ಮಾಡುವಾಗ ಬೇರೆ ಟರ್ಮಿನಲ್‌ಗಳಲ್ಲಿ ಎಷ್ಟು ಕೆಲಸ ನಡೆಯುತ್ತಿತ್ತು? ಪರದೆ ಎಂದಿನ ಹಾಗೆ ಇತ್ತೋ, ಎಳೆದಾಡುತ್ತಿತ್ತೋ? ಪಕ್ಕದಲ್ಲಿ ಕೂತವರು ಬಿ ಗುಂಪಿನ ವರದಿ ಹಾಕಿದ್ದರೇ?

ಕಾಗದವನ್ನು ನಮ್ಮ ಮನೆಗೇ ಬರೆ, ಆಫೀಸಿಗೆ ಬೇಡ. ಊಟ ಬಿಡಬೇಡ.

ನಿನ್ನವಳೇ ಆದ
ರತ್ನ


ಶ್ರೀನಿವಾಸಪುರ
18-6-1987

ಪ್ರೀತಿಯ ರತ್ನ,

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಅವತ್ತು ಶಿಬಿರವಲ್ಲವೇ, ಎಲ್ಲ ಟರ್ಮಿನಲ್‌ಗಳ ಮುಂದೆಯೂ ಜನ. ಪರದೆ ಎಳೆದಾಡುತ್ತಿತ್ತು. ಒಂದು ಅಕ್ಷರ ಒತ್ತಿದರೆ ಬಹಳ ಹೊತ್ತಿನ ಮೇಲೆ ಮೂಡುತ್ತಿತ್ತು. ಉಳಿಸು ಎಂದು ಒತ್ತಿ, ಮುಗಿಯುವುದನ್ನು ಕಾಯದೆ ಇನ್ನೊಬ್ಬಳ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. ಪಕ್ಕದ ಟರ್ಮಿನಲ್ಲಿನಲ್ಲಿ ಬಿ ಗುಂಪಿನವರು ಇದ್ದರೇ ಎಂದರೆ, ಅಷ್ಟು ಜನರಲ್ಲಿ ಇಲ್ಲದೆ ಇರುತ್ತಾರೆಯೇ?

ಈಗ ಇಲ್ಲಿಯ ಸುದ್ದಿ. ಮೊನ್ನೆ ಮಧ್ಯಾಹ್ನ ಅಪ್ಪ ಮಾವಿನಕಾಯಿ ಗಾಡಿಗೆ ತುಂಬಿಸುತ್ತಿದ್ದರು. ಬಾಗಿಲಲ್ಲಿ ಒಬ್ಬ ಬಂದು ನಿಂತ. ಗಡ್ಡ ಬಂದಿತ್ತು, ಅಂಗಿ ಮಾಸಿತ್ತು. ಆಂಜಿನಮ್ಮನ ಗಂಡ ಆವಲಪ್ಪ. ಅಪ್ಪನಿಗೆ ಯಾರೆಂದು ಗೊತ್ತಾದ ಕೂಡಲೇ ಬಂದು ನನ್ನ ಮುಂದೆ ನಿಂತುಕೊಂಡರು. ಹೊಡೆಯಲು ಬಂದಿದ್ದಾನೆ ಎಂದೇ ಅವರು ತಿಳಿದಿದ್ದು. ನಾನೂ ಹಾಗೆಯೇ ತಿಳಿದೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

ಅವನು ಕೂಗಾಡಲಿಲ್ಲ. ಮುಳಬಾಗಿಲು ಕಡೆಯ ಮಾತು ನಿನಗೆ ಗೊತ್ತಲ್ಲ, ಅರ್ಧ ತೆಲುಗು ಅರ್ಧ ಕನ್ನಡ. "ನಿಜಂ ಚೆಪ್ಪಮ್ಮಾ, ನಿಜ ಹೇಳು. ನಿನ್ ಕೈ ತಪ್ಪಿತಾ?" ಎಂದ.

ಅಪ್ಪ ಏನೋ ಹೇಳಹೊರಟರು. ನಾನು ತಡೆದೆ. "ಗೊತ್ತಿಲ್ಲಣ್ಣ. ಸತ್ಯವಾಗ್ಲೂ ನನಗೆ ಗೊತ್ತಿಲ್ಲ" ಎಂದೆ.

ಅವನು, "ಎಲ್ಲಾರೂ ಗೊತ್ತು ಗೊತ್ತು ಅಂತಾರೆ. ನೀನೊಬ್ಳು ಗೊತ್ತಿಲ್ಲ ಅಂತಿದ್ದೀಯ" ಎಂದ. ಅಪ್ಪ ಕೊಟ್ಟ ನೀರು ಕುಡಿದು ಹೋದ. ಅವಳಿಗೆ ಯಂತ್ರದಲ್ಲಿ ರಕ್ತ ಶುದ್ಧಿ ಮಾಡುತ್ತಿದ್ದಾರಂತೆ. ಮೈಯೆಲ್ಲ ಊದಿಕೊಂಡಿದೆಯಂತೆ. ಮಗು ಮುಳಬಾಗಿಲಿನಲ್ಲಿ ಅಜ್ಜಿಯ ಹತ್ತಿರ ಇದೆ.

ನಿನ್ನೆ ಆಸ್ಪತ್ರೆಯಿಂದ ಹೇಳಿಕಳಿಸಿದ್ದರು, ಹೋಗಿದ್ದೆ. ಡಾಕ್ಟರ್ ವೆಂಕಟರಾಯಪ್ಪನವರು ಈ ಸಲ ಕೂರಿಸಿ ಮಾತಾಡಿದರು. "ನೋಡಮ್ಮಾ, ಕೈತಪ್ಪು ಯಾರಿಗಾದ್ರೂ ಆಗ್ತದೆ. ಕೈತಪ್ಪು ಅಂತ ಬರ್ಕೊಟ್ಬಿಡು. ಪೊಲೀಸು ಗಿಲೀಸು ಏನೂ ಇಲ್ದಂಗೆ ನಾನು ನೋಡ್ಕೋತೀನಿ. ಕೆಲಸ ಬಿಟ್ಟು ಮನೆಗೋಗು. ಇಲ್ಲಾಂದ್ರೆ ಆ ಹೆಂಗಸು ಸತ್ರೆ ನನ್ನ ಕೈಯಲ್ಲೂ ಇರಲ್ಲ" ಎಂದರು. ಜುಲೈ ಮೂರನೆಯ ತಾರೀಕು, ಶುಕ್ರವಾರ, ಆಸ್ಪತ್ರೆಯ ಟ್ರಸ್ಟಿನವರು ಸೇರುತ್ತಾರೆ. ಅಷ್ಟರೊಳಗೆ ಬರೆದುಕೊಡಬೇಕು.

ಬರೆದುಕೊಟ್ಟುಬಿಡೋಣ ಎನಿಸುತ್ತಿದೆ ರತ್ನ. ನಾನು ಮಾಡಿಲ್ಲ ಎಂದು ಪ್ರಮಾಣ ಮಾಡುವಷ್ಟು ನಂಬಿಕೆ ನನ್ನ ಮೇಲೆ ನನಗೇ ಉಳಿದಿಲ್ಲ. ಅಪ್ಪ ಊರಲ್ಲಿ ತಲೆ ತಗ್ಗಿಸಿ ಓಡಾಡುವುದನ್ನು ನೋಡಲಾರೆ. ನನ್ನನ್ನು ಲ್ಯಾಬು ಓದಿಸಲು ನೆಂಟರನ್ನೆಲ್ಲ ಎದುರು ಹಾಕಿಕೊಂಡವರು ಅವರು.

ನೀನೂ ನನಗಾಗಿ ನಿನ್ನ ಕೆಲಸಕ್ಕೆ ಕಲ್ಲು ಹಾಕಿಕೊಳ್ಳಬೇಡ.

ಭಾರತಿ


ಮಾಲೂರು
25-6-1987

ಭಾರತಿ,

ಸಹಿ ಹಾಕಬೇಡ. ಉಳಿದದ್ದು ಓದುವ ಮೊದಲು ಇದನ್ನು ಮನಸ್ಸಿನಲ್ಲಿ ಇಟ್ಟುಕೋ. ಯಾರು ಏನೇ ಹೇಳಲಿ, ಸಹಿ ಹಾಕಬೇಡ ಕಣೇ.

ತಪ್ಪು ಸಿಕ್ಕಿದೆ.

ಪರದೆ ಎಳೆದಾಡುತ್ತಿತ್ತು ಎಂದು ಬರೆದೆಯಲ್ಲ, ಅದು ಪುಟಗಳ ಕೊರತೆಯ ಗುರುತು. ಅಂಥ ಹೊತ್ತಿನಲ್ಲಿ ಪುಟ ಹಿಂಪಡೆಯುವ ಭಾಗ ಏನು ಮಾಡುತ್ತದೆ ಎಂದು ಒಂದೊಂದೇ ಸಾಲು ಹಿಡಿದು ಓದುತ್ತಾ ಹೋದೆ. ಪ್ರತಿ ಪುಟಕ್ಕೂ, ಅದನ್ನು ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ ಎಂಬ ಒಂದು ಅಂಕಿ ಇರುತ್ತದೆ. ಅದು ಸೊನ್ನೆಗೆ ಇಳಿದ ಮೇಲೆ ಮಾತ್ರ ಆ ಪುಟವನ್ನು ಬೇರೆಯವರಿಗೆ ಕೊಡಬಹುದು. ಡಿಸ್ಕಿಗೆ ಬರೆಯಲು ಹೊರಟ ಪುಟವನ್ನು ಡಿಸ್ಕು ಹಿಡಿದುಕೊಂಡಿರುತ್ತದೆ. ಬರೆದಾಯಿತು ಎಂದು ಡಿಸ್ಕು ಹೇಳಿದ ಮೇಲೆ ಅಂಕಿ ಇಳಿಯಬೇಕು. ನಮ್ಮ ಯಂತ್ರದಲ್ಲಿ, ಬರೆ ಎಂದು ಹೇಳಿದ ಕೂಡಲೇ ಇಳಿದುಬಿಡುತ್ತದೆ.

ನಿನ್ನ ಆಸ್ಪತ್ರೆಯ ಮಾತಿನಲ್ಲೇ ಹೇಳುತ್ತೇನೆ. ಮೂಲೆಯ ಹಾಸಿಗೆಯಲ್ಲಿ ಆಂಜಿನಮ್ಮ ಇದ್ದಾಳೆ. ಮೂಲೆ ಹಾಸಿಗೆಯವರ ರಕ್ತ ತೆಗೆದು ಆಂಜಿನಮ್ಮ ಎಂದು ಚೀಟಿ ಅಂಟಿಸಿಕೊಂಡು ಬಾ ಎಂದು ಆಯಾಳನ್ನು ಕಳಿಸುತ್ತೀಯ. ಆಯಾ ನಿಧಾನ. ಅವಳು ತಲುಪುವ ಮೊದಲೇ ಸಿಸ್ಟರು, ಇವಳ ಕೆಲಸ ಮುಗಿಯಿತು ಎಂದು ಆಂಜಿನಮ್ಮನನ್ನು ಎಬ್ಬಿಸಿ ಇನ್ನೊಬ್ಬಳನ್ನು ಅದೇ ಹಾಸಿಗೆಯಲ್ಲಿ ಮಲಗಿಸಿದ್ದಾರೆ. ಆಯಾಗೆ ಹಾಸಿಗೆ ಗೊತ್ತು, ಮುಖ ಗೊತ್ತಿಲ್ಲ. ಡಿಸ್ಕು ಮಾಡುವುದೂ ಇದನ್ನೇ. ಹೆಸರು ಊರು ಇದ್ದ ಪುಟ ಉಳಿದಿತ್ತು. ಫಲಿತಾಂಶ ಇದ್ದ ಪುಟ ಕೈ ಬದಲಾಗಿತ್ತು. ಪಕ್ಕದವರು ಅದರಲ್ಲಿ ಬರೆದ ಬಿ, ಆಂಜಿನಮ್ಮನ ಹೆಸರಿನ ಕೆಳಗೆ ಡಿಸ್ಕಿನಲ್ಲಿ ಕೂತಿತು. ನೀನು ಹೊಡೆದ ಓ ಇವತ್ತು ಜಗತ್ತಿನಲ್ಲಿ ಎಲ್ಲೂ ಇಲ್ಲ. ಅದಕ್ಕೇ ನಿನಗೂ ನಿನ್ನ ಮೇಲೆ ಅನುಮಾನ ಬಂದಿದ್ದು.

ಮೂಲದಲ್ಲಿ ಹೀಗಿರಲಿಲ್ಲ. ನಮ್ಮ ಕಂಪನಿ ಯಂತ್ರದ ಬೆಲೆ ಇಳಿಸಲು ಮೆಮರಿ ಕಡಿಮೆ ಹಾಕಿ ಮಾರಿತು. ಆಗ ಬಹಳ ನಿಧಾನವಾಯಿತು. ಪುಟಗಳು ಬೇಗ ಬೇಗ ಬಿಡುಗಡೆಯಾಗಲಿ ಎಂದು ಆ ಅಂಕಿ ಇಳಿಸುವ ಒಂದು ಸಾಲನ್ನು ಮೇಲಕ್ಕೆ ಸರಿಸಿದರು. ಸರಿಸಿದವರು ನರಸಿಂಹಪ್ಪನವರು.

ಸೋಮವಾರ ಅವರ ಮುಂದೆ ಇಟ್ಟೆ. ಕನ್ನಡಕ ತೆಗೆದು ಒರೆಸಿಕೊಂಡು ಓದಿದರು. "ಹೀಗೆ ಆಗೋಕೆ ಸಾಧ್ಯ ಇದೆ. ಆಗಿದೆ ಅಂತ ಹೇಗೆ ಹೇಳ್ತೀಯಮ್ಮಾ? ಮಾಡಿ ತೋರಿಸು" ಎಂದರು. ಸರಿಯಾದ ಮಾತೇ. ಮೂರು ದಿನ ಆಫೀಸಿನ ಯಂತ್ರದ ಮೇಲೆ ಪ್ರಯತ್ನಿಸಿದೆ. ಒಮ್ಮೆಯೂ ತಪ್ಪಲಿಲ್ಲ. ಒಂದು ವರದಿಯೂ ಅದಲು ಬದಲಾಗಲಿಲ್ಲ. ನಿನ್ನೆ ಸಂಜೆ ರೈಲು ಹತ್ತುವಾಗ ಹೊಳೆಯಿತು. ಆಫೀಸಿನ ಯಂತ್ರದಲ್ಲಿ ಮೆಮರಿ ತುಂಬಾ ಇದೆ. ಕೋಲಾರದಲ್ಲಿ ಅದರ ಅರ್ಧವೂ ಇಲ್ಲ. ತೋರಿಸಬೇಕಾದರೆ ಅಲ್ಲಿಯೇ ತೋರಿಸಬೇಕು.

ಇವತ್ತು ಕೋಲಾರಕ್ಕೆ ಹೋಗಲು ನರಸಿಂಹಪ್ಪನವರ ಅಪ್ಪಣೆ ಕೇಳಿದೆ. ಬೇಡವೆಂದರು. ಮೂರನೆಯ ತಾರೀಕು ಶುಕ್ರವಾರ ಕಂಪನಿಯ ಪರವಾಗಿ ತಾವೇ ಹೋಗುತ್ತಾರಂತೆ. ಒಂದು ವಿಷಯ ಹೋದ ಕಾಗದದಲ್ಲಿ ಬರೆದಿರಲಿಲ್ಲ. ಆಸ್ಪತ್ರೆಯ ಸುದ್ದಿ ಬಂದ ದಿನವೇ, ಅಲ್ಲಿಯವರ ಜೊತೆ ಯಾರೂ ಮಾತಾಡಕೂಡದು, ಕಾಗದ ಬರೆಯಕೂಡದು ಎಂದು ನಮಗೆಲ್ಲ ತಾಕೀತು ಮಾಡಿದ್ದರು. ನೀನು ನನ್ನ ಗೆಳತಿ ಎಂದು ಅವರಿಗೆ ಇನ್ನೂ ತಿಳಿಯದು.

ರಜೆ ಬರೆದುಕೊಟ್ಟಿದ್ದೇನೆ. ಕೋಲಾರದಲ್ಲಿ ಗೆಳತಿಯ ಮಗುವಿನ ನಾಮಕರಣ ಎಂದು ಅಮ್ಮನಿಗೆ ಹೇಳಿದ್ದೇನೆ. ಶುಕ್ರವಾರ ನೀನು ಆಸ್ಪತ್ರೆಯ ಕಡೆ ಬರಲೇಬೇಡ. ಬಂದರೆ ಕಾಗದ ಮುಂದಿಟ್ಟು ಪೆನ್ನು ಕೈಗೆ ಕೊಡುತ್ತಾರೆ.

ನಿನ್ನ ಬೆರಳುಗಳ ಮೇಲೆ ನನಗೆ ಅನುಮಾನವಿಲ್ಲ.

ರತ್ನ


ಮಾಲೂರು
5-7-1987, ಭಾನುವಾರ

ಪ್ರೀತಿಯ ಭಾರತಿ,

ಗೆದ್ದೆವು. ಇಷ್ಟು ಹೊತ್ತಿಗೆ ಆವಲಪ್ಪ ಹೇಳಿರುತ್ತಾನೆ. ಆದರೂ ನಡೆದದ್ದನ್ನೆಲ್ಲ ನಾನೇ ನಿನಗೆ ಹೇಳಬೇಕು.

ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದವನು ತಾನು ಆವಲಪ್ಪ ಎಂದಾಗ ನನಗೆ ಆಶ್ಚರ್ಯವಾಯಿತು. ಹೆಂಡತಿಯ ಹತ್ತಿರ ಯಾರಿದ್ದಾರೆ ಎಂದು ಕೇಳಿದೆ. "ಆಯಮ್ಮನೇ ಬಂದು ಕುಂತವ್ಳೆ. ನೀನು ಹೋಗಿ ನೋಡ್ಕೊಂಡು ಬಾರಣ್ಣಾ, ನಾನು ಇರ್ತೀನಿ ಅಂದ್ಲು" ಎಂದ. ನೀನು ಬೆಂಗಳೂರಿಗೆ ಹೋಗಿ ಆಂಜಿನಮ್ಮನ ಪಕ್ಕ ಕೂತಿದ್ದೀಯ ಎಂದು ನನಗೆ ತಿಳಿದದ್ದು ಹಾಗೆ. ಅವಳಿಗೆ ಮೂತ್ರ ಇಳಿಯಲು ಶುರುವಾಗಿದೆ ಎಂದೂ ಹೇಳಿದ.

ಒಳಗೆ ಡಾಕ್ಟರ್ ವೆಂಕಟರಾಯಪ್ಪನವರು, ಟ್ರಸ್ಟಿನ ಹಿರಿಯರು, ಕದಿರೇಶ, ನರಸಿಂಹಪ್ಪನವರು. ನಾನು ಕಾಲಿಟ್ಟ ಕೂಡಲೇ ನರಸಿಂಹಪ್ಪನವರ ಮುಖ ಕಪ್ಪಿಟ್ಟಿತು. "ನೀನು ರಜ ಹಾಕಿದ್ದು ಇದಕ್ಕಾ?" ಎಂದರು. ಭಾರತಿ ನನ್ನ ಗೆಳತಿ ಸಾರ್ ಎಂದೆ. ಡಾಕ್ಟರು ನನ್ನನ್ನು ಹೊರಗೆ ಕಳಿಸುವುದರಲ್ಲಿದ್ದರು. ಆವಲಪ್ಪ ಸ್ಟೂಲು ಎಳೆದುಕೊಂಡು ಕೂತು, "ಈಯಮ್ಮ ಏನೋ ತೋರಿಸ್ತೀನಿ ಅಂತಾಳೆ. ನೋಡೋಣ. ನೋಡೋಕೆ ಏನು ಬಂತು?" ಎಂದ. ಅವನ ಮುಖ ನೋಡಿ ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಎಲ್ಲ ಟರ್ಮಿನಲ್‌ಗಳ ಮುಂದೆಯೂ ಸಿಸ್ಟರುಗಳನ್ನು ಕೂರಿಸಿ, ಶಿಬಿರದ ದಿನದ ಹಾಗೆ ಟೈಪು ಮಾಡಿಸಿದೆ. ಲ್ಯಾಬಿನ ಒಂದು ಟರ್ಮಿನಲ್ಲಿನಲ್ಲಿ ಎಲ್ಲ ಹೆಸರಿಗೂ ಓ, ಪಕ್ಕದ್ದರಲ್ಲಿ ಎಲ್ಲ ಹೆಸರಿಗೂ ಎ. ಒಂದೊಂದೇ ವರದಿ ಪ್ರಿಂಟಾಗಿ ಬಂತು. ಎಲ್ಲವೂ ಸರಿ. ಮತ್ತೆ ಮಾಡಿಸಿದೆ. ಸರಿ. ಮತ್ತೆ. ಸರಿ. ಡಾಕ್ಟರು ಗಡಿಯಾರ ನೋಡಿಕೊಂಡರು. "ಆಯ್ತೇನಮ್ಮಾ ನಿಂದು? ಇಷ್ಟಕ್ಕೆ ನಮ್ಮ ಕೆಲಸ ಕೆಡಿಸ್ತಿದ್ದೀಯ" ಎಂದು ಎದ್ದರು. ಮೇಜಿನ ಮೇಲೆ ನಿನ್ನ ಹೆಸರಿನ ಕಾಗದ ಟೈಪಾಗಿ ಸಿದ್ಧವಾಗಿತ್ತು.

ಶಿಬಿರದ ದಿನ ಔಷಧಿಯವರು, ಲೆಕ್ಕದವರು ಎಲ್ಲ ದೊಡ್ಡ ದೊಡ್ಡ ಕೆಲಸ ಓಡಿಸುತ್ತಿದ್ದರು. ಈಗ ಅಷ್ಟು ಭಾರ ನಾವು ಹಾಕಲು ಆಗುತ್ತಿರಲಿಲ್ಲ. ಭಾರ ಹೆಚ್ಚಿಸಲು ಆಗದಿದ್ದರೆ ಜಾಗ ಕಡಿಮೆ ಮಾಡಬೇಕು. ಇರುವ ಎರಡು ಮೆಮರಿ ಬೋರ್ಡಿನಲ್ಲಿ ಒಂದನ್ನು ತೆಗೆದುಬಿಡಿ ಎಂದೆ.

ಕದಿರೇಶ ಗಾಬರಿಯಾದ. ನನ್ನ ಹತ್ತಿರ ಬಂದು, "ಅಕ್ಕಾ, ಯಾರೂ ಹೇಳ್ದೆ ಬೋರ್ಡ್ ಕಿತ್ರೆ ನನ್ನ ಕೆಲಸ ಹೋಗ್ತೈತೆ" ಎಂದ. ಅವನದೂ ತಪ್ಪಲ್ಲ. ಅವನು ನರಸಿಂಹಪ್ಪನವರ ಕಡೆ ನೋಡಿದ. ಎಲ್ಲರೂ ನೋಡಿದರು. ಬೇಡ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

"ತೆಗಿಯಪ್ಪಾ" ಎಂದರು.

ಯಂತ್ರ ನಿಲ್ಲಿಸಿ ಬೋರ್ಡು ತೆಗೆದು ಮತ್ತೆ ಶುರು ಮಾಡಿದರು. ಪರದೆಗಳು ಎಳೆದಾಡತೊಡಗಿದವು. ಸಿಸ್ಟರೊಬ್ಬರು, ಅವತ್ತೂ ಹಿಂಗೇ ಇತ್ತು ಎಂದು ಗೊಣಗಿದರು. ಲ್ಯಾಬಿನ ಟರ್ಮಿನಲ್ಲಿನಲ್ಲಿ ಏನು ಹೆಸರು ಹಾಕಲಿ ಎಂದು ಕೇಳಿದಾಗ ಆವಲಪ್ಪ, "ನನ್ನೆಂಡ್ತಿ ಹೆಸರೇ ಹಾಕಿ" ಎಂದ. ಎಲ್ಲರ ಎದುರು ಆಂಜಿನಮ್ಮ ಎಂದು ಹೊಡೆದರು, ಓ ಎಂದು ಹೊಡೆದರು. ಪರದೆಯ ಮೇಲೆ ಓ ಇತ್ತು, ಡಾಕ್ಟರೇ ಬಗ್ಗಿ ನೋಡಿದರು. ಉಳಿಸು ಎಂದು ಒತ್ತಿದರು. ಪ್ರಿಂಟರು ಶುರುವಾಯಿತು. ಮೊದಲ ಸಲ ಸರಿಯಾಗಿಯೇ ಬಂತು. ಎರಡನೆಯ ಸಲವೂ. ನಾನು ಕಣ್ಣು ಮುಚ್ಚಿಕೊಂಡೆ.

ಮತ್ತೊಂದು ಹಾಳೆ ಹರಿದ ಸದ್ದು ಕೇಳಿತು. ಕಣ್ಣು ತೆರೆದಾಗ ಹಾಳೆ ಡಾಕ್ಟರ ಕೈಯಲ್ಲಿತ್ತು. ಮೇಲೆ ಆಂಜಿನಮ್ಮ, ಗಂಡನ ಹೆಸರು ಆವಲಪ್ಪ, ಮುಳಬಾಗಿಲು ತಾಲ್ಲೂಕು. ಕೆಳಗೆ ಎ.

ಆವಲಪ್ಪನಿಗೆ ಓದಲು ಬರುವುದಿಲ್ಲ. "ಏನಂತೆ?" ಎಂದ. ನಾನು ಹೇಳಿದೆ. ಅವನು ಎದ್ದು ನಿಂತು ಯಂತ್ರವನ್ನು ನೋಡಿದ. ಒಡೆಯುತ್ತಾನೆ ಎಂದುಕೊಂಡೆ. ಸುಮ್ಮನೆ ನೋಡಿದ ಅಷ್ಟೇ.

ಡಾಕ್ಟರು ಸೋಲಲು ತಯಾರಿರಲಿಲ್ಲ. "ಬೋರ್ಡು ಕಿತ್ತು ಮಿಷನ್ ಕೆಡಿಸಿದ್ದೀರ. ಕೆಟ್ಟಿರೋ ಮಿಷನ್ನು ತಪ್ಪು ಕೊಡದೆ ಇನ್ನೇನು ಕೊಡ್ತದೆ?" ಎಂದರು. ಉತ್ತರ ಕೊಟ್ಟವರು ನರಸಿಂಹಪ್ಪನವರು.

"ಇಲ್ಲ ಡಾಕ್ಟ್ರೇ. ಮೆಮರಿ ಕಡಿಮೆಯಾದ್ರೆ ಮಿಷನ್ನು ನಿಧಾನ ಆಗಬೇಕು, ನಿಂತೂ ಹೋಗಬಹುದು. ಸುಳ್ಳು ಹೇಳಬಾರದು. ಇದು ಸುಳ್ಳು ಹೇಳಿದೆ. ಆ ಹುಡುಗಿ ತಪ್ಪಿಲ್ಲ. ಆ ಸಾಲು ಬರೆದೋನು ನಾನು."

ಅಷ್ಟು ಹೇಳಿ ಆವಲಪ್ಪನ ಕಡೆ ತಿರುಗಿ ಕೈ ಮುಗಿದರು. ಆವಲಪ್ಪ ಕೈ ಮುಗಿಯಲಿಲ್ಲ, ಬೈಯಲೂ ಇಲ್ಲ. "ನಾನು ನನ್ನೆಂಡ್ತಿ ತಾವ್ಕೆ ಹೋಗ್ತೀನಿ" ಎಂದು ಹೊರಟುಹೋದ. ಟ್ರಸ್ಟಿನ ಹಿರಿಯರು ಮೇಜಿನ ಮೇಲಿದ್ದ ನಿನ್ನ ಕಾಗದವನ್ನು ತಾವೇ ಹರಿದರು. ಅಮಾನತು ರದ್ದಾಗಿದೆ, ನಿನಗೆ ಆದೇಶ ಬರುತ್ತದೆ. ಆಂಜಿನಮ್ಮನ ಚಿಕಿತ್ಸೆಯನ್ನು ಆಸ್ಪತ್ರೆಯೂ ಕಂಪನಿಯೂ ನೋಡಿಕೊಳ್ಳುತ್ತವೆ. ಯಂತ್ರ ಸರಿಯಾಗುವವರೆಗೆ ಲ್ಯಾಬಿನಲ್ಲಿ ಮತ್ತೆ ಕೈಯಲ್ಲಿ ಬರೆಯಲು ಹೇಳಿದ್ದಾರೆ.

ನರಸಿಂಹಪ್ಪನವರು ತಮ್ಮ ಕಾರಿನಲ್ಲಿ ನನ್ನನ್ನು ಮಾಲೂರಿನವರೆಗೆ ಬಿಟ್ಟರು. ಟೊಮೆಟೊ ಗಾಡಿಗಳ ಹಿಂದೆ ನಿಂತಾಗ, ಆ ಸಾಲನ್ನು ಬದಲಾಯಿಸಿದ ದಿನ ಎಷ್ಟು ಖುಷಿಪಟ್ಟಿದ್ದೆ ಗೊತ್ತಾ, ಯಂತ್ರ ಎರಡು ಪಟ್ಟು ವೇಗವಾಗಿತ್ತು ಎಂದರು. ಆಮೇಲೆ ಒಂದು ಮಾತು ಕೇಳಿದರು. ಇದೇ ಯಂತ್ರ ಬೇರೆ ಊರುಗಳಲ್ಲಿ ಇನ್ನೆರಡು ಆಸ್ಪತ್ರೆಗಳಲ್ಲಿ, ಒಂದು ಔಷಧಿ ಕಾರ್ಖಾನೆಯಲ್ಲಿ ನಡೆಯುತ್ತಿದೆ. ಸರಿ ಮಾಡಿದ ಕರ್ನೆಲ್ಲನ್ನು ಪರೀಕ್ಷೆ ಮಾಡಿ, ತಿಂಗಳ ರಿಪೇರಿಗೆ ಹೋಗುವವರ ಕೈಯಲ್ಲಿ ಸದ್ದಿಲ್ಲದೆ ಕಳಿಸುತ್ತೇನೆ, ಅಲ್ಲಿಯವರೆಗೆ ಈ ವಿಷಯ ನಮ್ಮಲ್ಲೇ ಇರಲಿ, ಅಲ್ಲಿಯವರಿಗೆಲ್ಲ ತಿಳಿದರೆ ಕಂಪನಿಯನ್ನೇ ಮುಚ್ಚಬೇಕಾಗುತ್ತದೆ, ಅಷ್ಟೂ ಜನ ಬೀದಿಗೆ ಬೀಳುತ್ತಾರೆ ಎಂದರು. ನನ್ನ ಮೇಲೆ ಕೋಪವಿಲ್ಲವೆಂದೂ, ನನ್ನ ಕೆಲಸಕ್ಕೆ ಏನೂ ತೊಂದರೆಯಿಲ್ಲವೆಂದೂ ಹೇಳಿದರು. ನಾನು ಹೂಂ ಎಂದೆ. ಅವತ್ತು ಅವರ ಮುಖ ನೋಡಿ ಬೇರೆ ಏನು ಹೇಳಲೂ ಆಗಲಿಲ್ಲ.

ಹೀಗೆ ಎಲ್ಲ ಒಂದು ದಡ ಸೇರಿದೆ. ನಾಳೆ ಎಂದಿನಂತೆ ಆಫೀಸು. ನಾಮಕರಣದ ಊಟ ಹೇಗಿತ್ತು ಎಂದು ಅಮ್ಮ ಕೇಳಿದಳು, ಚೆನ್ನಾಗಿತ್ತು ಎಂದೆ. ಆಂಜಿನಮ್ಮನ ಕೈ ಹಿಡಿದು ನಾನು ಕೇಳಿದೆ ಎಂದು ಹೇಳು. ಮಗುವನ್ನು ಅವಳ ಹತ್ತಿರ ಕರೆತಂದರೇ ಎಂದು ಬರೆ.

ಇನ್ನು ಮೇಲಾದರೂ ನಿನ್ನನ್ನು ನೀನು ನಂಬು.

ನಿನ್ನ
ರತ್ನ

ಮ.ಬ.: ಸೋಮವಾರ ಬೆಳಗ್ಗೆ, ಮಾಲೂರು ಸ್ಟೇಷನ್ನು. ಈ ಕಾಗದವನ್ನು ನಿನ್ನೆಯೇ ಅಂಟಿಸಿದ್ದೆ, ಈಗ ಬಿಚ್ಚಿ ಬರೆಯುತ್ತಿದ್ದೇನೆ. ಯಾವುದೋ ಊರಿನಲ್ಲಿ ಇವತ್ತು ಬೆಳಗ್ಗೆ ನಿನ್ನಂಥ ಒಬ್ಬಳು ಕೂತು ಓ ಎಂದು ಹೊಡೆಯುತ್ತಿರುತ್ತಾಳೆ ಎಂಬ ಯೋಚನೆ ಬಿಡಲಿಲ್ಲ. ಆ ಎರಡು ಆಸ್ಪತ್ರೆಗಳಿಗೂ ಕಾರ್ಖಾನೆಗೂ ತಪ್ಪೇನೆಂದು ವಿವರವಾಗಿ ಬರೆದು, ನನ್ನ ಹೆಸರು ವಿಳಾಸ ಹಾಕಿ, ಸಹಿ ಮಾಡಿ, ಈಗತಾನೇ ಡಬ್ಬಿಗೆ ಹಾಕಿದೆ. ನರಸಿಂಹಪ್ಪನವರಿಗೆ ಕಾಗದದಲ್ಲಿ ತಿಳಿಸುವುದು ಸರಿಯಲ್ಲ, ಎದುರಿಗೆ ನಿಂತೇ ಹೇಳಬೇಕು. ಆಮೇಲೆ ನನಗೆ ಅಲ್ಲಿ ಕುರ್ಚಿ ಇರುವುದಿಲ್ಲ. ರೈಲು ಹಿಂದಿನ ಸ್ಟೇಷನ್ ಟೇಕಲ್ ಬಿಟ್ಟಿದೆಯಂತೆ, ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸರಿಯಾಗಿ ಕಾಣದಿದ್ದರೆ ಕ್ಷಮಿಸು.